ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ನಿದ್ರೆ, ಜೀವನಕ್ರಮ ಮತ್ತು ದೇಹತೂಕ: ವಿದ್ಯಾರ್ಥಿಗಳು ಹಾಗೂ ಪೋಷಕರ ತಿಳುವಳಿಕೆಗಾಗಿ

1. ಪೀಠಿಕೆ

ವಿದ್ಯಾರ್ಥಿನಿಲಯ ಪ್ರವೇಶ, ವಿದ್ಯಾರ್ಥಿವೇತನ, ಬಸ್ ಪಾಸ್ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಬಹುಮಟ್ಟಿಗೆ 18ರಿಂದ 25 ವರ್ಷ ವಯೋಮಾನದವರು. ಅರ್ಜಿ ನಮೂನೆಯಲ್ಲಿ ಜಾತಿ, ಆದಾಯ, ಅಂಕ, ವಾಸಸ್ಥಳ ಇವುಗಳಿಗೆ ಕಾಲಂಗಳಿವೆ. ಅರ್ಜಿದಾರರು ರಾತ್ರಿ ಎಷ್ಟು ಗಂಟೆ ನಿದ್ರಿಸುತ್ತಾರೆ ಎಂಬುದಕ್ಕೆ ಕಾಲಂ ಇರುವುದಿಲ್ಲ. ಆದರೆ ಪಡೆದ ಸೌಲಭ್ಯವು ವಿದ್ಯಾಭ್ಯಾಸಕ್ಕೆ ಸದುಪಯೋಗವಾಗಬೇಕಾದರೆ ವಿದ್ಯಾರ್ಥಿಯ ಆರೋಗ್ಯ ಉತ್ತಮವಾಗಿರಬೇಕು. ಆರೋಗ್ಯಕ್ಕೆ ಊಟದಷ್ಟೇ ನಿದ್ರೆಯೂ ಅವಶ್ಯಕ.

ವಿದ್ಯಾರ್ಥಿಯ ತೂಕ ಏರಿದರೆ ‘ಹಾಸ್ಟೆಲ್ ಊಟ ಮೈಗೆ ಹತ್ತಿದೆ’ ಎಂದೂ, ತೂಕ ಇಳಿದರೆ ‘ಓದಿ ಓದಿ ಸೊರಗಿದ್ದಾನೆ’ ಎಂದೂ ಮನೆಯವರು ಹೇಳುವುದು ವಾಡಿಕೆ. ಎರಡೂ ಸಂದರ್ಭಗಳಲ್ಲಿ ನಿದ್ರೆಯನ್ನು ಯಾರೂ ವಿಚಾರಿಸುವುದಿಲ್ಲ. ತೂಕದಲ್ಲಿ ವ್ಯತ್ಯಾಸ ಕಂಡುಬಂದಾಗ ಊಟದ ಜೊತೆಗೆ ನಿದ್ರೆಯನ್ನೂ ವಿಚಾರಿಸಬೇಕು ಎಂಬುದನ್ನು ಮನವರಿಕೆ ಮಾಡಿಕೊಡುವುದು ಈ ಲೇಖನದ ಉದ್ದೇಶ.

2. ನಮ್ಮ ಜಿಲ್ಲೆಯ ಹಿನ್ನೆಲೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗೂಗಲ್ ಗ್ರಾಮವು ಕೃಷ್ಣಾ ನದಿಯ ದಂಡೆಯಲ್ಲಿದೆ. ಇಂತಹ ಗ್ರಾಮಗಳಿಂದ ಹಾಗೂ ಮಾನ್ವಿ ಭಾಗದ ಹಳ್ಳಿಗಳಿಂದ ಉನ್ನತ ಶಿಕ್ಷಣಕ್ಕೆ ಬರುವ ಯುವಜನರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಜಿಲ್ಲಾ ಕೇಂದ್ರದಲ್ಲಿ 2007ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ (ರಿಮ್ಸ್), 2008ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಸ್ಥಾಪನೆಗೊಂಡವು. ಮುಂದೆ ಗುಲ್ಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು, ಯರಗೇರಾದಲ್ಲಿ ರಾಯಚೂರು ವಿಶ್ವವಿದ್ಯಾಲಯ ಆರಂಭವಾಯಿತು. ಇದರಿಂದ ಉನ್ನತ ಶಿಕ್ಷಣವು ಹಿಂದಿಗಿಂತ ಹತ್ತಿರಕ್ಕೆ ಬಂದಿದೆ. ಆದರೂ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವವರಿಗೆ ದಿನದ ಸಮಯ ಸಾಲುವುದಿಲ್ಲ. ವಿದ್ಯಾರ್ಥಿನಿಲಯದಲ್ಲಿ ಇರುವವರಿಗೆ ಸಮಯವಿದ್ದರೂ ನಿಯಮಿತ ಕ್ರಮ ಇರುವುದಿಲ್ಲ.

ಉದಾಹರಣೆಗಾಗಿ, ದಿನವೂ ಊರಿನಿಂದ ಬಂದುಹೋಗುವ ಒಬ್ಬ ವಿದ್ಯಾರ್ಥಿನಿಯ ದಿನಚರಿಯನ್ನು ಲೆಕ್ಕ ಹಾಕೋಣ:

ಪ್ರಯಾಣ ಮತ್ತು ಬಸ್ಸಿಗಾಗಿ ಕಾಯುವುದು: 4 ಗಂಟೆ
ತರಗತಿ ಮತ್ತು ಗ್ರಂಥಾಲಯ: 6 ಗಂಟೆ
ಮನೆಗೆಲಸ ಅಥವಾ ಹೊಲದ ಕೆಲಸ: 2 ಗಂಟೆ
ಸ್ವಂತ ಓದು: 3 ಗಂಟೆ
ಸ್ನಾನ, ಊಟ, ಇತರೆ: 2 ಗಂಟೆ
ಒಟ್ಟು: 17 ಗಂಟೆ
ನಿದ್ರೆಗೆ ಉಳಿಯುವುದು: 7 ಗಂಟೆ

ಈ 7 ಗಂಟೆಯಲ್ಲಿ ಮೊಬೈಲ್‌ಗೆ 2 ಗಂಟೆ ಕೊಟ್ಟರೆ ನಿದ್ರೆಗೆ 5 ಗಂಟೆ ಮಾತ್ರ ಉಳಿಯುತ್ತದೆ. ವಾರದ ಆರು ದಿನಗಳಿಗೆ 12 ಗಂಟೆ ನಿದ್ರೆ ಬಾಕಿಯಾಗುತ್ತದೆ. ಭಾನುವಾರ ನಾಲ್ಕು ಗಂಟೆ ಹೆಚ್ಚಿಗೆ ಮಲಗಿದರೂ ಬಾಕಿಯ ಮೂರನೆಯ ಒಂದು ಭಾಗ ಮಾತ್ರ ತೀರುತ್ತದೆ. ಅಲ್ಲದೆ ಭಾನುವಾರ ತಡವಾಗಿ ಎದ್ದವರಿಗೆ ಅಂದು ರಾತ್ರಿ ಬೇಗನೆ ನಿದ್ರೆ ಬಾರದೆ, ಸೋಮವಾರದ ಲೆಕ್ಕವು ಹೊಸ ಬಾಕಿಯೊಂದಿಗೇ ಆರಂಭವಾಗುತ್ತದೆ.

3. ಎಷ್ಟು ನಿದ್ರೆ ಅವಶ್ಯಕ?

18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರು ಶಿಫಾರಸು ಮಾಡಿದ್ದಾರೆ. ಪದವಿಪೂರ್ವ ಹಂತದ 14ರಿಂದ 17 ವರ್ಷದವರಿಗೆ 8ರಿಂದ 10 ಗಂಟೆ ಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಅಲ್ಪ ವ್ಯತ್ಯಾಸವಿರುತ್ತದೆ. ಆದರೆ ‘ನನಗೆ ನಾಲ್ಕೇ ಗಂಟೆ ಸಾಕು’ ಎನ್ನುವವರಲ್ಲಿ ಬಹುತೇಕರು ಆಯಾಸಕ್ಕೆ ಒಗ್ಗಿಕೊಂಡವರೇ ಹೊರತು ಅದರಿಂದ ಮುಕ್ತರಾದವರಲ್ಲ.

ಹದಿಹರೆಯದಲ್ಲಿ ದೇಹದ ಆಂತರಿಕ ಗಡಿಯಾರವು ಸಹಜವಾಗಿಯೇ ಸ್ವಲ್ಪ ಹಿಂದೆ ಸರಿಯುತ್ತದೆ. ಆದ್ದರಿಂದ ಈ ವಯಸ್ಸಿನವರಿಗೆ ರಾತ್ರಿ ನಿದ್ರೆ ತಡವಾಗಿ ಬರುವುದು, ಬೆಳಗ್ಗೆ ಎಚ್ಚರವಾಗುವುದು ಕಷ್ಟವಾಗುವುದು ಸ್ವಾಭಾವಿಕ. ಇದನ್ನು ಪೋಷಕರು ಕೇವಲ ಸೋಮಾರಿತನವೆಂದು ತಿಳಿಯಬಾರದು. ಆದರೆ ಬಸ್ಸು ಮತ್ತು ತರಗತಿಗಳು ಈ ಗಡಿಯಾರಕ್ಕಾಗಿ ಕಾಯುವುದಿಲ್ಲವಾದ್ದರಿಂದ ಗಡಿಯಾರವನ್ನು ಕ್ರಮೇಣ ಮುಂದಕ್ಕೆ ತರುವ ಪ್ರಯತ್ನ ಅವಶ್ಯಕ. ಅದರ ವಿಧಾನವನ್ನು 8ನೇ ಭಾಗದಲ್ಲಿ ವಿವರಿಸಲಾಗಿದೆ.

4. ತೂಕವನ್ನು ಅಳೆಯುವ ಕ್ರಮ

ತೂಕ ಸರಿಯಿದೆಯೇ ಎಂದು ತಿಳಿಯಲು ದೇಹ ದ್ರವ್ಯರಾಶಿ ಸೂಚ್ಯಂಕವನ್ನು (ಬಿಎಂಐ) ಬಳಸಲಾಗುತ್ತದೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರ್‌ಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಭಾರತೀಯರಿಗೆ ಅನ್ವಯಿಸುವ ಮಿತಿಗಳು ಕೆಳಕಂಡಂತಿವೆ:

18.5ಕ್ಕಿಂತ ಕಡಿಮೆ: ಕಡಿಮೆ ತೂಕ
18.5ರಿಂದ 22.9: ಸಾಮಾನ್ಯ ತೂಕ
23ರಿಂದ 24.9: ಹೆಚ್ಚು ತೂಕ
25 ಮತ್ತು ಮೇಲ್ಪಟ್ಟು: ಬೊಜ್ಜು

ಉದಾಹರಣೆ: ಎತ್ತರ 1.65 ಮೀಟರ್, ತೂಕ 60 ಕೆ.ಜಿ. ಇದ್ದಲ್ಲಿ, 1.65 × 1.65 = 2.72, 60 ÷ 2.72 = ಸುಮಾರು 22. ಇದು ಸಾಮಾನ್ಯ ತೂಕ. ಅದೇ ಎತ್ತರದವರ ತೂಕ 66 ಕೆ.ಜಿ. ಆದರೆ ಸೂಚ್ಯಂಕ 24 ದಾಟುತ್ತದೆ. ಇದು ಹೆಚ್ಚು ತೂಕ. ಎತ್ತರ 1.62 ಮೀಟರ್ ಇದ್ದು ತೂಕ 47 ಕೆ.ಜಿ. ಮಾತ್ರ ಇದ್ದರೆ ಸೂಚ್ಯಂಕ 18ಕ್ಕಿಂತ ಕೆಳಗೆ ಬರುತ್ತದೆ. ಇದು ಕಡಿಮೆ ತೂಕ. ಇದರ ಜೊತೆಗೆ ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮೀರದಂತೆ ನೋಡಿಕೊಳ್ಳಬೇಕು.

ನಮ್ಮ ರಾಜ್ಯದಲ್ಲಿ ಎರಡೂ ಬಗೆಯ ಸಮಸ್ಯೆ ಏಕಕಾಲದಲ್ಲಿವೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 17.2 ಮಂದಿ ಕಡಿಮೆ ತೂಕದವರಾಗಿದ್ದರೆ, ಶೇ. 30.1 ಮಂದಿ ಹೆಚ್ಚು ತೂಕ ಅಥವಾ ಬೊಜ್ಜು ಉಳ್ಳವರು. ಪುರುಷರಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 14.3 ಮತ್ತು ಶೇ. 30.9. (ಈ ಸಮೀಕ್ಷೆಯಲ್ಲಿ ಹೆಚ್ಚು ತೂಕದ ಮಿತಿಯನ್ನು 25 ಎಂದು ಇಟ್ಟುಕೊಳ್ಳಲಾಗಿದೆ.) ಆದ್ದರಿಂದ ವಿದ್ಯಾರ್ಥಿಗಳ ತೂಕವೆಂದರೆ ಬೊಜ್ಜಿನ ವಿಷಯ ಮಾತ್ರವೆಂದು ಭಾವಿಸುವುದು ಸರಿಯಲ್ಲ. ಒಂದೇ ವಿದ್ಯಾರ್ಥಿನಿಲಯದ ಒಂದೇ ಕೊಠಡಿಯಲ್ಲಿ ಎರಡೂ ಬಗೆಯವರು ಇರಬಹುದು.

5. ನಿದ್ರೆಗೂ ತೂಕಕ್ಕೂ ಇರುವ ಸಂಬಂಧ

5.1 ನಿದ್ರೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ: ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಮತ್ತು ಹಸಿವನ್ನು ತಿಳಿಸುವ ಗ್ರೆಲಿನ್ ಎಂಬ ಎರಡು ಹಾರ್ಮೋನುಗಳು ನಮ್ಮ ದೇಹದಲ್ಲಿವೆ. 2004ರಲ್ಲಿ ಪ್ರಕಟವಾದ ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 12 ಮಂದಿ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ಕೇವಲ 4 ಗಂಟೆ, ಮತ್ತೊಮ್ಮೆ ಎರಡು ರಾತ್ರಿ 10 ಗಂಟೆ ಮಲಗಲು ಅವಕಾಶ ನೀಡಲಾಯಿತು. ಕಡಿಮೆ ಮಲಗಿದಾಗ ಲೆಪ್ಟಿನ್ ಶೇ. 18ರಷ್ಟು ಇಳಿದು, ಗ್ರೆಲಿನ್ ಶೇ. 28ರಷ್ಟು ಏರಿತ್ತು. ಸಿಹಿ, ಉಪ್ಪು ಹಾಗೂ ಹಿಟ್ಟಿನ ಪದಾರ್ಥಗಳ ಮೇಲಿನ ಬಯಕೆಯೂ ಹೆಚ್ಚಿತ್ತು. ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿದ್ದವರಿಗೆ ಒಗ್ಗರಣೆ-ಮಿರ್ಚಿ ಅಥವಾ ಎಗ್‌ರೈಸ್ ಬೇಕೆನಿಸುವುದಕ್ಕೆ ನಾಲಿಗೆಯ ಚಪಲವೊಂದೇ ಕಾರಣವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

5.2 ನಿದ್ರೆ ಹೆಚ್ಚಿಸಿದರೆ ತಿನ್ನುವುದು ಕಡಿಮೆಯಾಗುತ್ತದೆ: 2022ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಅಧ್ಯಯನದಲ್ಲಿ, ದಿನಕ್ಕೆ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ಹೆಚ್ಚು ತೂಕವಿದ್ದ 21ರಿಂದ 40 ವರ್ಷದ 80 ಮಂದಿ ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿನವರಿಗೆ ಸಲಹೆ ನೀಡಿ ಎರಡು ವಾರಗಳ ಕಾಲ ನಿದ್ರೆಯನ್ನು ಸರಾಸರಿ 1.2 ಗಂಟೆಯಷ್ಟು ಹೆಚ್ಚಿಸಲಾಯಿತು. ಆಹಾರದ ಬಗ್ಗೆ ಯಾವುದೇ ಸೂಚನೆ ನೀಡಿರಲಿಲ್ಲ. ಆದರೂ ಮೊದಲಿನಂತೆಯೇ ಮಲಗುತ್ತಿದ್ದವರಿಗೆ ಹೋಲಿಸಿದಲ್ಲಿ ಅವರು ದಿನಕ್ಕೆ ಸುಮಾರು 270 ಕಿಲೋಕ್ಯಾಲೊರಿ ಕಡಿಮೆ ಆಹಾರ ಸೇವಿಸಿದ್ದರು.

5.3 ತೂಕ ಹೆಚ್ಚಾದರೆ ನಿದ್ರೆ ಕೆಡುತ್ತದೆ: ಕುತ್ತಿಗೆಯ ಭಾಗದಲ್ಲಿ ಕೊಬ್ಬು ಸೇರಿದಾಗ ಮಲಗಿದ ಸಮಯದಲ್ಲಿ ಉಸಿರಿನ ದಾರಿ ಕಿರಿದಾಗುತ್ತದೆ. ಇದರಿಂದ ಗೊರಕೆ ಬರುವುದಲ್ಲದೆ, ಕೆಲವರಲ್ಲಿ ಉಸಿರು ಕೆಲವು ಸೆಕೆಂಡುಗಳ ಕಾಲ ನಿಂತುನಿಂತು ಬರುತ್ತದೆ. ಇದನ್ನು ನಿದ್ರಾ ಉಸಿರುಕಟ್ಟು ಎನ್ನಬಹುದು. ಇಂಥವರು ಎಂಟು ಗಂಟೆ ಮಲಗಿದರೂ ಬೆಳಗ್ಗೆ ದಣಿದೇ ಏಳುತ್ತಾರೆ. ದಣಿವಿನಿಂದ ನಡಿಗೆ, ಆಟ ಕಡಿಮೆಯಾಗಿ ತೂಕ ಮತ್ತಷ್ಟು ಏರುತ್ತದೆ.

5.4 ತೂಕ ಕಡಿಮೆಯಿದ್ದರೂ ನಿದ್ರೆ ಕೆಡುತ್ತದೆ: ಅರೆಹೊಟ್ಟೆಯಲ್ಲಿ ಮಲಗಿದವರಿಗೆ ಗಾಢ ನಿದ್ರೆ ಬರುವುದಿಲ್ಲ. ಕಬ್ಬಿಣಾಂಶದ ಕೊರತೆ ಇರುವ ಕೆಲವರಿಗೆ ಮಲಗಿದ ಕೂಡಲೇ ಕಾಲುಗಳಲ್ಲಿ ಜುಮುಜುಮು, ಸೆಳೆತ ಉಂಟಾಗಿ ಕಾಲು ಆಡಿಸುತ್ತಲೇ ಇರಬೇಕೆನಿಸುತ್ತದೆ. ಮೇಲ್ಕಂಡ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇರುವುದರಿಂದ ವಿದ್ಯಾರ್ಥಿನಿಯರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳುವುದು ಅವಶ್ಯ. ವಿವಿಧ ದೇಶಗಳ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳೆಲ್ಲ ಒಂದೇ ಉತ್ತರ ನೀಡಿಲ್ಲ. ಕೆಲವು ಕಡೆ ನಿದ್ರೆಗೂ ತೂಕಕ್ಕೂ ಸ್ಪಷ್ಟ ಸಂಬಂಧ ಕಂಡುಬಂದಿದೆ. ಕೆಲವು ಕಡೆ ಅದು ದುರ್ಬಲವಾಗಿದೆ. ತೂಕವನ್ನು ಆಹಾರ, ದುಡಿಮೆ, ವಂಶ, ಕಾಯಿಲೆ ಇವೆಲ್ಲವೂ ನಿರ್ಧರಿಸುತ್ತವೆ. ನಿದ್ರೆ ಅವುಗಳಲ್ಲಿ ಒಂದು. ಆದರೆ ಹಣ ಖರ್ಚಿಲ್ಲದೆ ಸರಿಪಡಿಸಬಹುದಾದದ್ದು ಇದಾದ್ದರಿಂದ ಇದನ್ನು ಕಡೆಗಣಿಸಬಾರದು.

6. ನಿದ್ರೆ ಕೆಡಿಸುವ ಜೀವನಕ್ರಮಗಳು

(ಅ) ಮೊಬೈಲ್ ಬಳಕೆ: ಕತ್ತಲಾದ ಮೇಲೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ನಿದ್ರೆಗೆ ಸಿದ್ಧತೆಯಾಗುತ್ತದೆ. ಕಣ್ಣಿನ ಹತ್ತಿರ ಹಿಡಿದ ಪರದೆಯ ಬೆಳಕು ಇದನ್ನು ತಡಮಾಡುತ್ತದೆ. ಬೆಳಕಿಗಿಂತ ಹೆಚ್ಚಾಗಿ, ಒಂದರ ಹಿಂದೊಂದು ಬರುವ ಕಿರುಚಿತ್ರಗಳು ಸಮಯದ ಅರಿವನ್ನೇ ತಪ್ಪಿಸುತ್ತವೆ. ಈ ಅಭ್ಯಾಸ ಕೈಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ಆರಂಭಿಸಿದೆ ಎಂಬುದು ಸಮಸ್ಯೆಯ ಗಾಂಭೀರ್ಯವನ್ನು ತೋರಿಸುತ್ತದೆ.

(ಆ) ಚಹಾ ಮತ್ತು ಕಾಫಿ: ಇವುಗಳಲ್ಲಿರುವ ಕೆಫೀನ್‌ನ ಅರ್ಧ ಭಾಗವು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 7 ಗಂಟೆಗೆ ಕುಡಿದ ಚಹಾದ ಅರ್ಧ ಪ್ರಭಾವ ಮಧ್ಯರಾತ್ರಿಯಲ್ಲಿಯೂ ಉಳಿದಿರುತ್ತದೆ. ಕೆಲವು ವಿದ್ಯಾರ್ಥಿಗಳು ಊಟ ಬಿಟ್ಟು ಸಕ್ಕರೆ ಬೆರೆತ ಚಹಾದಲ್ಲಿಯೇ ಕಾಲ ಕಳೆಯುವುದುಂಟು. ಇದರಿಂದ ಹಸಿವು ಸಾಯುತ್ತದೆ, ಪೌಷ್ಟಿಕಾಂಶ ದೊರೆಯುವುದಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣಾಂಶವೂ ಸರಿಯಾಗಿ ಹೀರಲ್ಪಡುವುದಿಲ್ಲ.

(ಇ) ಊಟದ ವೇಳೆ: ಬೆಳಗಿನ ಬಸ್ಸಿಗಾಗಿ ಉಪಾಹಾರ ಬಿಡುವುದು, ಮಧ್ಯಾಹ್ನ ಅರ್ಧ ಊಟ, ರಾತ್ರಿ ಹತ್ತರ ನಂತರ ಹೊಟ್ಟೆ ತುಂಬ ಅನ್ನ, ಇದು ಅನೇಕರ ದಿನಚರಿ. ಮನೆಯಿಂದ ಕಟ್ಟಿಕೊಂಡು ಬರುವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಗರದ ತಿಂಡಿಗಿಂತ ಎಲ್ಲ ರೀತಿಯಲ್ಲೂ ಉತ್ತಮ ಆಹಾರ. ಗೆಳೆಯರ ಎದುರು ಬುತ್ತಿ ಬಿಚ್ಚಲು ಸಂಕೋಚ ಪಡಬೇಕಾಗಿಲ್ಲ.

(ಈ) ಬೇಸಿಗೆಯ ಸೆಕೆ: ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ನಿದ್ರೆ ಬರಬೇಕಾದರೆ ದೇಹದ ಒಳಗಿನ ಉಷ್ಣಾಂಶ ಸ್ವಲ್ಪ ಇಳಿಯಬೇಕು. ಕಾದ ಮಾಳಿಗೆಯ ಕೆಳಗಿನ ಕೊಠಡಿಯಲ್ಲಿ ಇದು ಸಾಧ್ಯವಾಗುವುದಿಲ್ಲ. ವರ್ಷದ ಮುಖ್ಯ ಪರೀಕ್ಷೆಗಳು ಈ ತಿಂಗಳುಗಳಲ್ಲಿ ಬಂದರೆ ಕಷ್ಟ ಇಮ್ಮಡಿಯಾಗುತ್ತದೆ.

(ಉ) ಮನೆಯ ದುಡಿಮೆ: ಪಂಪ್‌ಸೆಟ್‌ಗೆ ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೋಗುವವರು ಮನೆಯ ಗಂಡುಮಕ್ಕಳು. ಹತ್ತಿ ಬಿಡಿಸುವ ಕಾಲದಲ್ಲಿ ನಸುಕಿಗೆ ಎದ್ದು ಮನೆಗೆಲಸ ಮುಗಿಸುವವರು ಹೆಣ್ಣುಮಕ್ಕಳು. ಇದು ತಪ್ಪಲ್ಲ, ಅನಿವಾರ್ಯ. ಆದರೆ ಅಂತಹ ದಿನಗಳಲ್ಲಿ ಅವರಿಗೆ ಹಗಲಿನಲ್ಲಿ ಅರ್ಧ ಗಂಟೆಯಾದರೂ ಮಲಗಲು ಅವಕಾಶ ಕೊಡುವುದು ಹಿರಿಯರ ಕೈಯಲ್ಲಿದೆ.

(ಊ) ಕೊನೆಯ ದಿನಾಂಕದ ಧಾವಂತ: ಅರ್ಜಿ ಸಲ್ಲಿಸಲು ಕೊನೆಯ ದಿನ ಬರುವವರೆಗೂ ಕಾಯ್ದು, ಆ ರಾತ್ರಿ ಸರ್ವರ್ ನಿಧಾನವಾದಾಗ ಬೆಳಗಿನ ಜಾವದವರೆಗೆ ಮೊಬೈಲ್ ಹಿಡಿದು ಕೂರುವ ವಿದ್ಯಾರ್ಥಿಗಳು ಬಹಳ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿಯೇ ಪಡೆದು, ಪೋರ್ಟಲ್ ತೆರೆದ ಮೊದಲ ವಾರದಲ್ಲಿ ಹಗಲಿನ ವೇಳೆಯಲ್ಲಿ ಅರ್ಜಿ ಸಲ್ಲಿಸಿದರೆ ಈ ತೊಂದರೆ ಇರುವುದಿಲ್ಲ.

7. ನಿದ್ರೆಗೆಟ್ಟು ಓದಿದರೆ ಪ್ರಯೋಜನವೇ?

ಹಗಲಿನಲ್ಲಿ ಓದಿದ್ದನ್ನು ಮಿದುಳು ನಿದ್ರೆಯ ಸಮಯದಲ್ಲಿ ನೆನಪಿನಲ್ಲಿ ಗಟ್ಟಿಗೊಳಿಸುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ತರಗತಿಯ ಸುಮಾರು 100 ವಿದ್ಯಾರ್ಥಿಗಳ ನಿದ್ರೆಯನ್ನು ಕೈಪಟ್ಟಿಯ ಮೂಲಕ ಅಳೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹೆಚ್ಚು ಕಾಲ ಮತ್ತು ನಿಯಮಿತವಾಗಿ ಮಲಗಿದವರು ಹೆಚ್ಚು ಅಂಕ ಪಡೆದಿದ್ದರು. ಪರೀಕ್ಷೆಯ ಹಿಂದಿನ ಒಂದು ರಾತ್ರಿಯ ನಿದ್ರೆಗೂ ಅಂಕಕ್ಕೂ ಸಂಬಂಧ ಕಂಡುಬರಲಿಲ್ಲ. ಹಿಂದಿನ ವಾರ ಮತ್ತು ತಿಂಗಳಿನ ನಿದ್ರೆಗೆ ಸಂಬಂಧ ಕಂಡುಬಂದಿತು. ಅಂದರೆ, ತಿಂಗಳಿಡೀ ನಿದ್ರೆಗೆಟ್ಟು ಪರೀಕ್ಷೆಯ ಮುನ್ನಾದಿನ ಮಾತ್ರ ಚೆನ್ನಾಗಿ ಮಲಗಿದರೆ ಸಾಲದು.

ಪೊಲೀಸ್ ನೇಮಕಾತಿಯಂತಹ ಸ್ಪರ್ಧೆಗಳಿಗೆ ಸಿದ್ಧತೆ ನಡೆಸುವವರಿಗೆ ಲಿಖಿತ ಪರೀಕ್ಷೆಯಷ್ಟೇ ದೇಹದಾರ್ಢ್ಯ ಪರೀಕ್ಷೆಯೂ ಮುಖ್ಯ. ರಾತ್ರಿ ಎರಡು ಗಂಟೆಯವರೆಗೆ ಓದಿ, ಬೆಳಗ್ಗೆ ಐದಕ್ಕೆ ಓಟದ ಅಭ್ಯಾಸಕ್ಕೆ ಹೋಗುವವರ ಸ್ನಾಯುಗಳಿಗೆ ಚೇತರಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

8. ಅನುಸರಿಸಬಹುದಾದ ಕ್ರಮಗಳು

1) ಮಲಗುವ ವೇಳೆಗಿಂತ ಮೊದಲು ಏಳುವ ವೇಳೆಯನ್ನು ನಿಗದಿಪಡಿಸಿಕೊಳ್ಳಿ. ಭಾನುವಾರವೂ ಸೇರಿದಂತೆ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸವಾಗದಿರಲಿ.
2) ಎದ್ದ ಕೂಡಲೇ ಹತ್ತು-ಹದಿನೈದು ನಿಮಿಷ ಬಿಸಿಲು ಬೆಳಕಿನಲ್ಲಿ ನಡೆಯಿರಿ. ದೇಹದ ಗಡಿಯಾರವು ಇದರಿಂದ ಸರಿಹೊಂದುತ್ತದೆ.
3) ಮಲಗುವ ವೇಳೆಯನ್ನು ಒಮ್ಮೆಲೇ ಬದಲಿಸದೆ, ಎರಡು-ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಮುಂಚಿತಗೊಳಿಸಿ.
4) ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಕೈಗೆಟುಕದ ಜಾಗದಲ್ಲಿ ಚಾರ್ಜಿಗೆ ಇಡಿ. ಎಚ್ಚರಗೊಳ್ಳಲು ಸಾಧಾರಣ ಅಲಾರಾಂ ಗಡಿಯಾರ ಬಳಸಿ.
5) ಮಧ್ಯಾಹ್ನ 3ರ ನಂತರ ಚಹಾ, ಕಾಫಿ ಮಿತಗೊಳಿಸಿ.
6) ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು-ಮೂರು ಗಂಟೆ ಮೊದಲು ಮುಗಿಸಿ. ತೂಕ ಕಡಿಮೆ ಇರುವವರು ಮಲಗುವ ಮುನ್ನ ಹಾಲು ಅಥವಾ ಬಾಳೆಹಣ್ಣು ಸೇವಿಸಬಹುದು.
7) ಬಸ್ಸಿನಲ್ಲಿ ಆಸನ ದೊರೆತಾಗ 20 ನಿಮಿಷದ ನಿದ್ರೆ ಒಳ್ಳೆಯದೇ. ಆದರೆ ಸಂಜೆ ಮನೆಗೆ ಬಂದು ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ರೆ ಕೆಡುತ್ತದೆ.
8) ಬೇಸಿಗೆಯಲ್ಲಿ ಮಲಗುವ ಮುನ್ನ ಸ್ನಾನ ಮಾಡಿ. ಮಾಳಿಗೆಯ ಮೇಲೆ ಮಲಗುವವರು ತಪ್ಪದೆ ಸೊಳ್ಳೆಪರದೆ ಬಳಸಿ.
9) ವಿದ್ಯಾರ್ಥಿನಿಲಯದಲ್ಲಿ ತಡರಾತ್ರಿ ಓದುವವರು ಕೊಠಡಿಯ ದೀಪ ಹಚ್ಚದೆ ಓದುವ ಕೋಣೆಯನ್ನು ಬಳಸುವಂತೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ.
10) ತಿಂಗಳಿಗೊಮ್ಮೆ ತೂಕ ನೋಡಿ ದಿನಾಂಕದೊಂದಿಗೆ ಬರೆದಿಡಿ. ಅದರ ಪಕ್ಕದಲ್ಲಿ ಆ ವಾರ ಮಲಗಿದ ಸರಾಸರಿ ಗಂಟೆಗಳನ್ನೂ ಬರೆಯಿರಿ. ಮೂರು ತಿಂಗಳಲ್ಲಿ ಸಂಬಂಧವು ತಮಗೇ ಗೋಚರಿಸಬಹುದು.

9. ವೈದ್ಯರನ್ನು ಯಾವಾಗ ಕಾಣಬೇಕು?

ಕೆಳಕಂಡ ಲಕ್ಷಣಗಳಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಅಥವಾ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು:

– ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಬೆಳಗ್ಗೆ ತಲೆನೋವು, ಹಗಲಿನಲ್ಲಿ ತಡೆಯಲಾಗದ ತೂಕಡಿಕೆ.
– ವಾರಕ್ಕೆ ಮೂರು ಅಥವಾ ಹೆಚ್ಚು ರಾತ್ರಿ ನಿದ್ರೆ ಬಾರದಿರುವುದು, ಇದು ತಿಂಗಳುಗಟ್ಟಲೆ ಮುಂದುವರಿಯುವುದು.
– ಆಹಾರದಲ್ಲಿ ಬದಲಾವಣೆ ಇಲ್ಲದೆ ತೂಕ ಏರುವುದು, ಸದಾ ಜಡತ್ವ, ಮುಟ್ಟಿನ ಏರುಪೇರು.
– ಸುಸ್ತು, ಮುಖ ಬಿಳಿಚಿಕೊಳ್ಳುವುದು, ಮಲಗಿದಾಗ ಕಾಲು ಸೆಳೆತ.
– ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರುವುದು ಮತ್ತು ತೂಕ ಇಳಿಯುವುದು. ಇವು ಕ್ಷಯರೋಗದ ಲಕ್ಷಣಗಳಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ‘ಓದಿ ಸೊರಗಿದ್ದಾನೆ’ ಎಂದು ಸುಮ್ಮನಿರಬಾರದು.

ಚಿಂತೆ, ಪರೀಕ್ಷಾ ಭಯ, ಬೇಸರದಿಂದ ನಿದ್ರೆ ಬಾರದಿದ್ದಲ್ಲಿ ಅಕ್ಟೋಬರ್ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆಚ್ಚು ಮಲಗಿದರೆ ಮೈ ಬರುವುದಿಲ್ಲವೇ?
ಉತ್ತರ: ಸಾಕಷ್ಟು ನಿದ್ರೆಯಿಂದ ತೂಕ ಏರುವುದಿಲ್ಲ. ಆದರೆ ದಿನವೂ 9 ಗಂಟೆ ಮೀರಿ ಮಲಗಿದರೂ ದಣಿವು ಆರದಿದ್ದರೆ ಅದು ಬೇರೆ ಕಾಯಿಲೆಯ ಸೂಚನೆ ಇರಬಹುದು. ವೈದ್ಯರನ್ನು ಕಾಣಿ.

ಪ್ರಶ್ನೆ: ತೂಕ ಇಳಿಸಲು ರಾತ್ರಿ ಊಟ ಬಿಡಬಹುದೇ?
ಉತ್ತರ: ಬೇಡ. ಹಸಿವಿನಿಂದ ನಿದ್ರೆ ಕೆಟ್ಟು, ಮರುದಿನ ಹೆಚ್ಚು ತಿನ್ನುವಂತಾಗುತ್ತದೆ. ಬೇಗ ಮತ್ತು ಮಿತವಾಗಿ ಊಟ ಮಾಡಿ.

ಪ್ರಶ್ನೆ: ಔಷಧಿ ಅಂಗಡಿಯಲ್ಲಿ ನಿದ್ರೆ ಮಾತ್ರೆ ಕೊಳ್ಳಬಹುದೇ?
ಉತ್ತರ: ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು, ಸೇವಿಸಬಾರದು. ಗೆಳೆಯರ ಮಾತ್ರೆಯನ್ನೂ ಪಡೆಯಬಾರದು.

ಪ್ರಶ್ನೆ: ದಿನವೂ ಊರಿನಿಂದ ಬರುವ ನಮಗೆ ಸಮಯವೇ ಉಳಿಯುವುದಿಲ್ಲ. ಏನು ಮಾಡಬೇಕು?
ಉತ್ತರ: ಅರ್ಹರಿದ್ದಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಸಲ್ಲಿಸಿ. ಪ್ರಯಾಣದ ನಾಲ್ಕು ಗಂಟೆಗಳಲ್ಲಿ ಎರಡನ್ನು ನಿದ್ರೆಗೂ ಎರಡನ್ನು ಓದಿಗೂ ಹಂಚಿಕೊಂಡರೆ ಸೌಲಭ್ಯದ ಪೂರ್ಣ ಪ್ರಯೋಜನ ದೊರೆಯುತ್ತದೆ. ಆ ನಾಲ್ಕೂ ಗಂಟೆ ಮೊಬೈಲ್‌ಗೆ ಹೋದರೆ ಊರು ಬಿಟ್ಟು ಬಂದದ್ದಕ್ಕೆ ಅರ್ಥವಿರುವುದಿಲ್ಲ.

11. ಮುಕ್ತಾಯ

ಮಗ ಅಥವಾ ಮಗಳು ರಜೆಗೆ ಊರಿಗೆ ಬಂದಾಗ ‘ಊಟ ಸರಿಯಾಗಿ ಮಾಡುತ್ತೀಯಾ?’ ಎಂದು ತಂದೆ-ತಾಯಿಗಳು ತಪ್ಪದೆ ಕೇಳುತ್ತಾರೆ. ಅದರ ಜೊತೆಗೆ ‘ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯಾ?’ ಎಂಬುದನ್ನೂ ಕೇಳಬೇಕೆಂದು ಕೋರಲಾಗಿದೆ. ವಿದ್ಯಾರ್ಥಿಗಳು ಆ ಪ್ರಶ್ನೆಗೆ ನಿಜವಾದ ಉತ್ತರ ಹೇಳಬೇಕೆಂದೂ ಕೋರಲಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ನಿದ್ರೆ ಅಥವಾ ತೂಕಕ್ಕೆ ಸಂಬಂಧಿಸಿದ ಮಾಹಿತಿಯನ್ನು ಯಾವುದೇ ಸೌಲಭ್ಯದ ಅರ್ಜಿಯೊಂದಿಗೆ ಲಗತ್ತಿಸುವ ಅಗತ್ಯವಿರುವುದಿಲ್ಲ.